ಮೇಸ್ತ್ರಿ ಹೇಳಿದ ಮೇಲೆ

ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವಿನ ನಾಮಕರಣಕ್ಕೆ ಕರೆದಳೆಂದು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಊರಿಗಾಂಗೆ ಹೋಗಿದ್ದೆ. ಅವಳ ಮನೆ ಚಿನ್ನದ ಗಣಿ ಕಂಪನಿಯ ಕಾಲದ ಹಳೆಯ ಬಂಗಲೆಗಳಲ್ಲೊಂದು. ಮಳೆ ಹನಿಯುತ್ತಿತ್ತು. ಚಪ್ಪಲಿ ಕಳಚಿ ವರಾಂಡಕ್ಕೆ ಕಾಲಿಟ್ಟೆ. ಕೆಂಪು ನೆಲಕ್ಕೆ ತಿಕ್ಕುವ ಮೇಣದ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. "ಬನ್ನಿ ಟೀಚರ್, ಒಳಗೆ ಬನ್ನಿ" ಎಂದು ಯಾರೋ ಕರೆಯುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಇದೇ ವಾಸನೆಯ ಇನ್ನೊಂದು ವರಾಂಡ, ಅಲ್ಲಿ ಒಂದು ಮಳೆಗಾಲದ ಭಾನುವಾರಗಳಲ್ಲಿ ನಾವು ನಾಲ್ವರು ಕೂತು ಆಡಿದ ಆಟ, ಆ ಆಟದಲ್ಲಿ ಬಂಡೆಯ ಕೆಳಗೆ ಬಿದ್ದ ಒಬ್ಬ ಮನುಷ್ಯ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು.

ಅದು ಎಂಬತ್ತರ ದಶಕದ ಕೊನೆ. ನನಗೆ ಮೊದಲ ಕೆಲಸ ಸಿಕ್ಕಿದ್ದು ಊರಿಗಾಂನ ಒಂದು ಪ್ರೈಮರಿ ಶಾಲೆಯಲ್ಲಿ. ನಮ್ಮೂರು ಬಂಗಾರಪೇಟೆಯ ಮಗ್ಗುಲಲ್ಲೇ. ಸ್ವಲ್ಪ ರಾಗಿ ಹೊಲ, ನಾಲ್ಕಾರು ಸೀಮೆ ಹಸು. ದಿನವೂ ರೈಲಿನಲ್ಲಿ ಓಡಾಡಬಹುದಿತ್ತು. ಆದರೆ ಹಿಂಗಾರು ಹಿಡಿದರೆ ಗಾಡಿ ಯಾವ ಹೊತ್ತಿಗೆ ಬರುತ್ತದೆಂದು ಸ್ಟೇಷನ್ ಮಾಸ್ಟರಿಗೂ ಗೊತ್ತಿರುತ್ತಿರಲಿಲ್ಲ. ಹೀಗಾಗಿ ಐರಿನ್ ಸಿಸ್ಟರ್ ಅವರ ಮನೆಯ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದೆ.

ಐರಿನ್ ಸಿಸ್ಟರ್ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಆಂಗ್ಲೋ ಇಂಡಿಯನ್ನರು, ಮದುವೆಯಾದವರಲ್ಲ. ಅಣ್ಣನ ಕುಟುಂಬವೆಲ್ಲ ಎಂದೋ ಆಸ್ಟ್ರೇಲಿಯಾ ಸೇರಿತ್ತು, ಇವರು ಹೋಗಲಿಲ್ಲ. ಗಣಿ ಕೆಲಸಗಾರರ ಲೈನ್ ಮನೆಗಳ ಜನ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ತಮಿಳನ್ನು ನೀರಿನ ಹಾಗೆ ಆಡುತ್ತಿದ್ದರು, ಕನ್ನಡವನ್ನು ಒಂದೊಂದೇ ಮಾತು ಎತ್ತಿಟ್ಟ ಹಾಗೆ. ಬೆಳ್ಳಗಿನ ಕೂದಲನ್ನು ಬಿಗಿಯಾಗಿ ಕಟ್ಟಿ, ನರ್ಸುಗಳ ಬೂಟಿನಲ್ಲೇ ಮನೆ ತುಂಬ ನಡೆಯುತ್ತಿದ್ದರು. ವಾರಕ್ಕೊಮ್ಮೆ ವರಾಂಡದ ನೆಲವನ್ನು ತಾವೇ ಮಂಡಿಯೂರಿ ಕೂತು ತಿಕ್ಕುತ್ತಿದ್ದರು.

ಅವರ ಅಣ್ಣನ ಮಗ ಒಮ್ಮೆ ಕ್ರಿಸ್‌ಮಸ್‌ಗೆ ಬಂದವನು ಒಂದು ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದ. ಒಳಗೆ ದಪ್ಪನೆಯ ನಿಯಮದ ಪುಸ್ತಕ, ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗೆ ಬಣ್ಣಬಣ್ಣದ ದಾಳಗಳು. ಹಲಗೆ ಇಲ್ಲ, ಕಾಯಿ ಇಲ್ಲ. ಕೈಗೆ ಸಿಕ್ಕಿದ್ದನ್ನು ಕೊನೆಯ ಪುಟದವರೆಗೂ ಓದದೆ ಬಿಡುವ ಜಾಯಮಾನ ಸಿಸ್ಟರದ್ದಲ್ಲ. ಓದಿ ಮುಗಿಸಿ ಒಂದು ದಿನ ಊಟದ ಹೊತ್ತಿಗೆ ನನಗೆ ವಿವರಿಸಿದರು. ಈ ಆಟದಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗುತ್ತಾರೆ. ಮುಂದೆ ಏನಿದೆ ಎಂದು ನಡೆಸುವವರು ಹೇಳಬೇಕು. ಏನು ಮಾಡುತ್ತೇವೆ ಎಂದು ಆಡುವವರು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ದಾಳ ಹಾಕುವುದು. ದಾಳ ಬಿದ್ದ ಮೇಲೆ ಏನಾಯಿತು ಎಂದು ಹೇಳುವುದು ಮತ್ತೆ ನಡೆಸುವವರೇ. ಅವರ ಮಾತೇ ಕೊನೆ.

"ಅಂದರೆ ಗಣಿಯ ಮೇಸ್ತ್ರಿ ಹಾಗೆ" ಎಂದೆ ನಾನು.

ಸಿಸ್ಟರಿಗೆ ಆ ಮಾತು ಹಿಡಿಸಿತು. ಅಂದಿನಿಂದ ನಮ್ಮ ಆಟದಲ್ಲಿ ಕಥೆ ನಡೆಸುವವರಿಗೆ ಮೇಸ್ತ್ರಿ ಎಂದೇ ಹೆಸರು.

ಆಡುವುದಕ್ಕೆ ಜನ ಬೇಕಲ್ಲ. ಒಬ್ಬಳು ನಾನು. ಇನ್ನೊಬ್ಬ ನನ್ನ ತಮ್ಮ ಮುನಿರತ್ನ. ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಿದ್ದ ನಾನು ಆಟ ಶುರುವಾದ ಮೇಲೆ ಭಾನುವಾರವೇ ವಾಪಸಾಗತೊಡಗಿದೆ. ಅವನು ಡೈರಿಗೆ ಹಾಲು ಹಾಕಿ ನನ್ನ ಜೊತೆಗೇ ಗಾಡಿ ಹತ್ತುತ್ತಿದ್ದ. ಮೂರನೆಯವನು ಅರುಳ್. ಹಿಂದಿನ ಲೈನಿನಲ್ಲಿ ತಾಯಿಯೊಂದಿಗೆ ಇದ್ದ ಇಪ್ಪತ್ತೈದರ ಆಸುಪಾಸಿನ ಯುವಕ. ಗಣಿಯೊಳಗೆ ಚಾವಣಿ ಕುಸಿಯದಂತೆ ಮರದ ಆಸರೆ ನಿಲ್ಲಿಸುವ ಕೆಲಸ. ಸಿಸ್ಟರ ಮನೆಯ ತಗಡು ಸೋರಿದರೆ ಅವನೇ ಬಂದು ಸರಿಮಾಡುತ್ತಿದ್ದ. ಹಾಗೆ ತಗಡು ಸರಿಮಾಡಿ ಇಳಿದ ಒಂದು ಭಾನುವಾರ ನಮ್ಮ ಆಟ ನೋಡುತ್ತಾ ನಿಂತ. ಮುಂದಿನ ಭಾನುವಾರ ಸ್ನಾನ ಮಾಡಿ, ತಲೆ ಬಾಚಿಕೊಂಡು ಬಂದು ಕೂತ.

ನಾನು ಕಥೆಯಲ್ಲಿ ಒಬ್ಬ ವೈದ್ಯೆಯಾದೆ. ಮುನಿರತ್ನ ಕಳ್ಳನಾದ. ಕಳ್ಳನಾಗಿ ಏನು ಕದಿಯುತ್ತೀಯೋ ಎಂದರೆ ಮೊದಲ ದಿನವೇ ಅರಮನೆಯ ಎಮ್ಮೆ ಹೊಡೆದುಕೊಂಡು ಹೋಗಲು ನೋಡಿ ಸಿಕ್ಕಿಬಿದ್ದ. ಸಿಸ್ಟರ್ ಕನ್ನಡಕ ತೆಗೆದು, ಸೆರಗಿಲ್ಲದ ಗೌನಿನ ತುದಿಯಲ್ಲಿ ಒರೆಸಿಕೊಂಡು, "ಕಾವಲಿನವರು ನಿನ್ನನ್ನು ಕತ್ತಲೆಮನೆಗೆ ಹಾಕಿದರು" ಎಂದರು. ಅವನು ನಕ್ಕ. ಮುಂದಿನ ಭಾನುವಾರವೂ ಅಲ್ಲೇ ಇದ್ದೀಯ ಎಂದಾಗ ನಗು ನಿಂತಿತು.

"ಇದೇನ್ ಸಿಸ್ಟರಮ್ಮ, ಆಟಕ್ಕಂತ ಬಂದ್ರೆ ಇಲ್ಲೂ ಜೈಲಾ? ಓಗ್ಲಿ ಬಿಡಿಸ್ಬುಡಿ. ಊರಿಂದ ಹುರುಳಿಕಾಯಿ ತಂದಿವ್ನಿ ನಿಮ್ಗೆ."

"ಹುರುಳಿಕಾಯಿ ಕೊಡು. ಜೈಲಿಂದ ಹೊರಗೆ ಬರೋದು ನಿನ್ನ ಕೆಲಸ."

ಅವನು ಊಟ ತರುವ ಕಾವಲಿನವನ ಸ್ನೇಹ ಬೆಳೆಸಿ, ಅವನ ಹಸುವಿನ ಕೆಚ್ಚಲು ಬಾವಿಗೆ ಮದ್ದು ಹೇಳಿಕೊಟ್ಟು, ಹಾಗೂ ಹೀಗೂ ಹೊರಗೆ ಬಂದ. ಅವತ್ತು ಅವನ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆತಿಲ್ಲ. ಗಾಡಿಯಲ್ಲಿ ವಾಪಸು ಹೋಗುವಾಗ, "ಬುಟ್ಬುಟ್ಟಿದ್ರೆ ಮಜಾ ಇರ್ತಿರ್ಲಿಲ್ಲ" ಎಂದುಕೊಂಡನಂತೆ ತನ್ನಷ್ಟಕ್ಕೆ. ಆಮೇಲೆ ನನಗೆ ಹೇಳಿದ.

ನನ್ನ ವೈದ್ಯೆಯೂ ಒಂದು ಊರಿನಲ್ಲಿ ಅವಸರಪಟ್ಟು ಒಂದು ಮಗುವಿಗೆ ತಪ್ಪು ಬೇರಿನ ಕಷಾಯ ಕೊಟ್ಟಳು. ದಾಳ ಕೆಟ್ಟದಾಗಿ ಬಿತ್ತು. ಮಗುವಿನ ಕಣ್ಣು ಹೋಯಿತು ಎಂದರು ಸಿಸ್ಟರ್. ಅಷ್ಟಕ್ಕೇ ಬಿಡಲಿಲ್ಲ. ಕಥೆಯಲ್ಲಿ ಆ ಊರನ್ನು ದಾಟುವಾಗಲೆಲ್ಲ, "ಆ ಮಗುವಿನ ತಾಯಿ ಬಾಗಿಲಲ್ಲಿ ನಿಂತಿದ್ದಾಳೆ" ಎನ್ನುತ್ತಿದ್ದರು. ಅವಳು ಬೈಯುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದಳು. ಇಲ್ಲದ ಊರು, ಇಲ್ಲದ ಹೆಂಗಸು. ಆದರೂ ನಾನು ತಲೆ ತಗ್ಗಿಸುತ್ತಿದ್ದೆ.

ಅರುಳ್ ಕಟ್ಟಿಕೊಂಡ ಮನುಷ್ಯ ಒಬ್ಬ ವಯಸ್ಸಾದ ಯೋಧ. ಹೆಸರು ಕೇಳಿದರೆ "ಪೆರಿಯವರ್ ಅಂತ ಇರಲಿ" ಎಂದ, ಹಿರಿಯರು ಎಂದರ್ಥ. ಪೆರಿಯವರ್ ತಲೆಗೆ ಬಟ್ಟೆಯ ತುಂಡು ಸುತ್ತುತ್ತಿದ್ದರು, ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದರು, ಯಾವ ಮನೆಯ ಒಳಗೆ ಹೋಗುವ ಮುಂಚೆಯೂ ಮೆಲ್ಲಗೆ ಒಂದು ಸಿಳ್ಳೆ ಹಾಕುತ್ತಿದ್ದರು. ಅವರ ಮಾತನ್ನು ಅರುಳ್ ಆಡುವಾಗ ಅವನ ದನಿಯೇ ನಿಧಾನವಾಗುತ್ತಿತ್ತು. ಇಷ್ಟು ನಿಖರವಾಗಿ ಹೇಗೆ ಕಟ್ಟಿದನೋ ಎಂದು ನಾನು ಅಂದುಕೊಳ್ಳುತ್ತಿದ್ದೆ. ಅದು ಅವನು ಕಟ್ಟಿದ್ದಲ್ಲ, ಅವನ ಅಪ್ಪ. ಅವನಿನ್ನೂ ಚಿಕ್ಕವನಿದ್ದಾಗಲೇ ಗಣಿಯಲ್ಲಿ ಬಂಡೆ ಬಿದ್ದು ತೀರಿಕೊಂಡವರು. ಸಿಸ್ಟರಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು ಎಂಬುದು ನನಗೆ ತಿಳಿದಿದ್ದು ಆಮೇಲೆ.

ಆ ವರ್ಷದ ಹಿಂಗಾರು ಬಿಡುವಿಲ್ಲದೆ ಹಿಡಿದಿತ್ತು. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳ ಬೂದು ಮಣ್ಣು ಕರಗಿ ರಸ್ತೆಗೆ ಬರುತ್ತಿತ್ತು. ಗಣಿ ಇಂದು ಮುಚ್ಚುತ್ತದೆ ನಾಳೆ ಮುಚ್ಚುತ್ತದೆ ಎಂಬ ಮಾತು ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ನಡೆದೇ ಇತ್ತು. ಕೆಲವೊಮ್ಮೆ ಪಾಠ ಮಾಡುತ್ತಿರುವಾಗ ನೆಲದ ಆಳದಲ್ಲಿ ಎಲ್ಲೋ ಬಂಡೆ ಸಿಡಿದು ತರಗತಿಯ ಕಿಟಕಿಗಳು ಅದುರುತ್ತಿದ್ದವು. ಮಕ್ಕಳು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಿದ್ದರು. ಅಪ್ಪ ಯಾವ ಪಾಳಿಗೆ ಹೋಗಿದ್ದಾರೆಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಮತ್ತೆ ಬಗ್ಗಿ ಬರೆಯುತ್ತಿದ್ದರು.

ಅಂಥ ಮಳೆಯ ಒಂದು ಭಾನುವಾರ ಮಧ್ಯಾಹ್ನ ನಮ್ಮ ಕಥೆ ಒಂದು ಹಳೆಯ ಸುರಂಗಕ್ಕೆ ಇಳಿಯಿತು. ನೆರೆಗೆ ಹೆದರಿ ಒಳಗೆ ಅವಿತಿದ್ದ ಊರವರನ್ನು ಹೊರಗೆ ತರುವುದು ನಮ್ಮ ಕೆಲಸ. ಒಬ್ಬೊಬ್ಬರನ್ನೇ ತಂದೆವು. ಎಲ್ಲರೂ ಬಂದರು ಎನ್ನುವಾಗ ಸಿಸ್ಟರ್ ಅರುಳ್‌ನ ಕಡೆ ತಿರುಗಿದರು.

"ಒಳಗೆ ಒಂದು ಸದ್ದು ಬಂತು. ಮನುಷ್ಯಂದು ಇರಬಹುದು, ನೀರಿಂದೂ ಇರಬಹುದು. ಅರುಳ್, ಆಸರೆಯ ಮರ ಕೂಗ್ತಾ ಇದೆ."

"ಕೇಳಿಸ್ತು."

"ಮೇಲಿಂದ ಮಣ್ಣು ಉದುರ್ತಾ ಇದೆ. ಹೊರಗೆ ಹೋಗೋಕೆ ದಾರಿ ಇದೆ. ಯೋಚನೆ ಮಾಡಿ ಹೇಳು."

"ಯೋಚನೆ ಮಾಡೋಕೆ ಏನಿದೆ ಸಿಸ್ಟರಮ್ಮ? ಸದ್ದು ಬಂದ್ಮೇಲೆ ಪೆರಿಯವರ್ ಹೋಗ್ಲೇಬೇಕು. ಅವರು ಹಂಗೇ."

ಅವನು ದಾಳ ಹಾಕಿದ. ಅದು ನೆಲದ ಮೇಲೆ ಉರುಳಿ ನನ್ನ ಕಾಲ ಬಳಿ ನಿಂತಿತು. ಒಂದು. ಅದಕ್ಕಿಂತ ಕಡಿಮೆ ಬೀಳುವುದಕ್ಕೆ ಸಾಧ್ಯವಿಲ್ಲ.

ಸಿಸ್ಟರ್ ಕನ್ನಡಕ ತೆಗೆದರು. "ಬಂಡೆ ಬಿತ್ತು. ಸೊಂಟದಿಂದ ಕೆಳಗೆ ಪೂರ್ತಿ."

ನನ್ನ ವೈದ್ಯೆ ಓಡಿದಳು. ನಾನೂ ದಾಳ ಹಾಕಿದೆ, ನನ್ನದೂ ಕೈಕೊಟ್ಟಿತು. "ಊರವರು ಸೇರಿ ಬಂಡೆ ಎತ್ತಿ ಹೊರಗೆ ತಂದಿರಿ" ಎಂದರು ಸಿಸ್ಟರ್. "ಜೀವ ಇದೆ. ಆದರೆ ಉಳಿಯೋದಿಲ್ಲ."

ಅರುಳ್ ಮೊದಲು ನಕ್ಕ. "ಇನ್ನೊಂದ್ಸಲ ಹಾಕ್ತೀನಿ, ಕೊಡಿ."

"ಇಲ್ಲ."

"ಸಿಸ್ಟರಮ್ಮ, ಕೈ ಜಾರಿ ಬಿತ್ತು ಅದು."

"ಇಲ್ಲ ಅರುಳ್."

ಮುನಿರತ್ನ ನಡುವೆ ಬಾಯಿ ಹಾಕಿದ. "ನೀವೇ ಏಳಿದ್ರಲ್ಲ ಸಿಸ್ಟರಮ್ಮ, ದಾಳ ಏನೇ ಬೀಳ್ಲಿ ಮೇಸ್ತ್ರಿ ಮಾತೇ ಕೊನೆ ಅಂತ. ನೀವ್ ಉಳೀತಾನೆ ಅಂದ್ರೆ ಉಳೀತಾನೆ. ಯಾರ್ ಕೇಳ್ತಾರೆ ನಿಮ್ಮುನ್ನ?"

"ನಿಜ. ನಾನು ಅಂದರೆ ಉಳೀತಾರೆ."

"ಅಂದ್ಬುಡಿ ಮತ್ತೆ!"

ಅರುಳ್ ಈಗ ನಗುತ್ತಿರಲಿಲ್ಲ. ಮುಖವೆಲ್ಲ ಕೆಂಪಾಗಿ, ಚಿಕ್ಕ ಮಕ್ಕಳ ಹಾಗೆ ತುಟಿ ಬಿಗಿಹಿಡಿದಿದ್ದ. "ಒಂದು ಮಾತು ಸಿಸ್ಟರಮ್ಮ. ಉಳೀತಾರೆ ಅಂತ ಒಂದೇ ಒಂದು ಮಾತು. ನಿಮಗೇನು ಕಷ್ಟ?"

"ಆ ಮಾತನ್ನು ಒಂದು ಸಲ ಹೇಳಿದ್ದೇನೆ" ಎಂದರು ಅವರು. "ನಿಮ್ಮಮ್ಮನಿಗೆ."

"ಏನಂದ್ರಿ?" ಎಂದ ಅರುಳ್.

ಸಿಸ್ಟರ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲೂ ನಿಲ್ಲದೆ ಹೇಳಿದರು. ಅವನಪ್ಪನನ್ನು ಗಣಿಯಿಂದ ತಂದ ದಿನ ವಾರ್ಡಿನಲ್ಲಿ ಇದ್ದದ್ದು ಅವರೇ. ಉಳಿಯುವುದಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಗಿತ್ತು. ಬಾಗಿಲ ಹೊರಗೆ ಅವನ ತಾಯಿ ಅಂಜಲೈಯಮ್ಮ ನಿಂತು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಸೆರಗು ಹಿಡಿದು ಪುಟ್ಟ ಅರುಳ್ ನಿಂತಿದ್ದ. ಅದನ್ನು ನೋಡಲಾಗದೆ ಸಿಸ್ಟರ್ ಹೊರಗೆ ಬಂದು, "ನಿನ್ನ ಗಂಡನಿಗೆ ಏನೂ ಆಗಲ್ಲಮ್ಮ, ಸಂಜೆಗೆ ಎದ್ದು ಕೂರ್ತಾರೆ, ಮನೆಗೆ ಹೋಗಿ ಗಂಜಿ ಕಾಯಿಸಿಕೊಂಡು ಬಾ" ಎಂದರು. ಆಕೆ ಕಣ್ಣೊರೆಸಿಕೊಂಡು, ಮಗುವನ್ನು ಎತ್ತಿಕೊಂಡು ಓಡಿದರು. ಪಾತ್ರೆ ಹಿಡಿದು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದು, ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು.

ಅರುಳ್ ಎದ್ದ. ಚಪ್ಪಲಿ ಮೆಟ್ಟದೆ ಮಳೆಯಲ್ಲೇ ಇಳಿದು ಹೋದ. ಅವನ ಚಪ್ಪಲಿಗಳನ್ನು ಸಿಸ್ಟರ್ ತೊಳೆದು ಬಾಗಿಲ ಪಕ್ಕ ಇಟ್ಟರು. ಅವನು ಅದನ್ನು ಕೇಳಲು ಬರಲಿಲ್ಲ.

ಆಮೇಲಿನ ಭಾನುವಾರಗಳು ಖಾಲಿ ಹೋದವು. ಮುನಿರತ್ನ ಬರುವುದನ್ನು ಬಿಟ್ಟ. ಒಂದು ಸಂಜೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಅವನಿಗೆ ಅಷ್ಟು ನೋವಾಗೋದಾದ್ರೆ ಉಳಿಸಿಬಿಡಬಹುದಿತ್ತಲ್ಲ ಸಿಸ್ಟರ್? ಆಟ ತಾನೇ?"

ಅವರು ಹೇಳಿದರು: "ವಾರ್ಡಿನಲ್ಲಿ ನಾನು ಏನು ಹೇಳಿದರೂ ಆಗೋದು ಆಗುತ್ತಿತ್ತು ವಿಮಲಾ. ನನ್ನ ಮಾತಿಗೆ ತೂಕ ಇರಲಿಲ್ಲ, ಅದಕ್ಕೇ ಸುಳ್ಳು ಹೇಳುವುದು ಸುಲಭವಾಯಿತು. ಇಲ್ಲಿ ನಾನು ಹೇಳಿದ್ದೇ ಆಗುತ್ತದೆ. ಮರ ಕೂಗ್ತಾ ಇದೆ ಅಂತ ಅವನಿಗೆ ಹೇಳಿದೆ. ಗೊತ್ತಿದ್ದೂ ಅವನು ಒಳಗೆ ಹೋದ. ಅದು ಎಷ್ಟು ದೊಡ್ಡದು! ಆಮೇಲೆ ನಾನು, ಇಲ್ಲ, ಬಂಡೆ ಬೀಳಲೇ ಇಲ್ಲ ಅಂದರೆ, ಅವನು ಹೋಗಿದ್ದು ಏನಾಯಿತು? ಬಯಲಲ್ಲಿ ನಡೆದ ಹಾಗೆ ಆಯಿತು."

"ಮತ್ತೆ ಅವನಮ್ಮನ ವಿಷಯ ಯಾಕೆ ಎತ್ತಿದ್ರಿ?"

"ಅವನು ಕೇಳಿದ್ದು ಅವತ್ತು ಅವಳಿಗೆ ಹೇಳಿದ ಆ ಮಾತನ್ನೇ ಅಲ್ಲವಾ?" ಎಂದರು.

ಆ ವಾರವೇ ಆಂಡರ್ಸನ್‌ಪೇಟೆಯಲ್ಲಿ ಅರುಳ್ ಸಿಕ್ಕಿದ. ಪಾಳಿ ಮುಗಿಸಿ ಬರುತ್ತಿದ್ದ. ಕಣ್ಣ ಸುತ್ತ ಇನ್ನೂ ಧೂಳಿತ್ತು. ನನ್ನನ್ನು ಕಂಡು ದಾಟಿ ಹೋಗಬಹುದಿತ್ತು. ನಿಂತ.

"ನಮ್ಮಮ್ಮ ಅವತ್ತಿಂದ ಇವತ್ತಿನವರೆಗೂ ಮನೇಲಿ ಗಂಜಿ ಮಾಡಿಲ್ಲ ಟೀಚರ್. ಜ್ವರ ಬಂದ್ರೂ ಮಾಡಲ್ಲ. ನಾನು ಚಿಕ್ಕವನಿದ್ದಾಗ ಅತ್ತು ಕೇಳಿದೀನಿ, ಹೊಡೆದಿದಾರೆ. ಯಾಕೆ ಅಂತ ಈಗ ಗೊತ್ತಾಯ್ತು." ಆಮೇಲೆ ಕೇಳಿದ. "ಹೇಳಿದ್ದು ಯಾರು ಅಂತ ಕೇಳಿ ನೋಡ್ದೆ, ಅಮ್ಮನಿಗೆ ನೆನಪಿಲ್ಲ. ಬಿಳಿ ಬಟ್ಟೆ ಅಷ್ಟೇ ನೆನಪು. ಹೇಳ್ಲಾ? ಬೇಡ್ವಾ?"

ನನಗೆ ಗೊತ್ತಿಲ್ಲ ಅರುಳ್ ಎಂದೆ. ಅವನು ತಲೆಯಾಡಿಸಿ, ಮಳೆಯ ನೀರು ಹರಿಯುತ್ತಿದ್ದ ಇಳಿಜಾರಿನಲ್ಲಿ ಲೈನಿನ ಕಡೆ ನಡೆದ.

ಮುಂದಿನ ಭಾನುವಾರ ಮುನಿರತ್ನನನ್ನು ನಾನೇ ಒತ್ತಾಯ ಮಾಡಿ ಕರೆತಂದಿದ್ದೆ. ಆ ಮನೆಯಲ್ಲಿ ಇಬ್ಬರೇ ಕೂರುವುದು ಕಷ್ಟವಾಗಿತ್ತು. ಊಟ ಮುಗಿಸಿ ವರಾಂಡದಲ್ಲಿದ್ದೆವು. ಗೇಟಿನಲ್ಲಿ ಒಬ್ಬ ಹೆಂಗಸು ಬಂದು ನಿಂತರು. ತೆಳ್ಳಗಿನ ದೇಹ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಹಿಂದೆ ಸ್ವಲ್ಪ ದೂರದಲ್ಲಿ ಅರುಳ್. ಸಿಸ್ಟರ್ ಎದ್ದು ನಿಂತರು. ಅವರು ಯಾರೆಂದು ನನಗೆ ಹೇಳಬೇಕಾಗಿರಲಿಲ್ಲ.

ಅವರಿಬ್ಬರೂ ಆಡಿದ್ದು ತಮಿಳಿನಲ್ಲಿ. ನನಗೆ ದಕ್ಕಿದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಂಜಲೈಯಮ್ಮ ಮೆಟ್ಟಿಲ ಕೆಳಗೇ ನಿಂತು ಕೇಳಿದರು. "ಅವತ್ತು ನನ್ನನ್ನ ಮನೆಗೆ ಕಳಿಸಿದ್ದು ನೀನಾ?"

"ನಾನೇ."

"ಅವರು ಉಳಿಯಲ್ಲ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಆಕೆ ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡೆ. ಕೊಪ್ಪೆ ತೆಗೆದು ಕಂಬಕ್ಕೆ ಒರಗಿಸಿದರು. ನೆರೆತ ತಲೆ ಮಳೆಗೆ ನೆನೆಯುತ್ತಿತ್ತು. "ನಾನು ಹೋದ್ಮೇಲೆ ಅವರು ನನ್ನ ಕೇಳಿದ್ರಾ?"

ಇಲ್ಲ ಎಂದುಬಿಟ್ಟರೆ ಆಕೆಗೆ ಹಗುರವಾಗುತ್ತಿತ್ತು. ಪ್ರಜ್ಞೆ ಇರಲಿಲ್ಲಮ್ಮ ಎಂದರೆ ಯಾರೂ ಸಾಕ್ಷಿ ಕೇಳುತ್ತಿರಲಿಲ್ಲ. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆನೇನೋ.

"ಕೇಳಿದರು" ಎಂದರು ಸಿಸ್ಟರ್. "ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಅವಳೆಲ್ಲಿ ಅಂದರು. ಬರ್ತಾಳೆ ಅಂದೆ. ಬಾಗಿಲ ಕಡೆಗೇ ನೋಡ್ತಾ ಇದ್ದರು."

ಅಂಜಲೈಯಮ್ಮ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅರುಳ್ ಓಡಿ ಬಂದ. ಆಕೆ ಕೈಯೆತ್ತಿ ಅವನನ್ನು ತಡೆದರು. ಕೆಂಪು ನೆಲವನ್ನು ನೋಡುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದರು. "ಹೊರಡೋ ಮುಂಚೆ ಜಗಳ ಆಡಿದ್ದೆ. ಬೆಳಿಗ್ಗೆ. ನನ್ನ ಮೇಲೆ ಸಿಟ್ಟಲ್ಲೇ ಹೋದರು ಅಂದ್ಕೊಂಡಿದ್ದೆ ಇಷ್ಟು ವರ್ಷ. ಕೇಳಿದ್ರಾ... ಕೇಳಿದ್ರಾ ನನ್ನ..."

ಆಗ ಅತ್ತರು. ಸಿಸ್ಟರ್ ಹತ್ತಿರ ಹೋಗಲಿಲ್ಲ. ನಿಂತಲ್ಲೇ ನಿಂತಿದ್ದರು, ಎರಡೂ ಕೈಗಳನ್ನು ಜೋತು ಬಿಟ್ಟು, ಶಿಕ್ಷೆಗೆ ನಿಂತವರ ಹಾಗೆ. ಅತ್ತು ಮುಗಿದ ಮೇಲೆ ಅಂಜಲೈಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ವರಾಂಡಕ್ಕೆ ಬಂದರು.

"ನಿನ್ನನ್ನ ಕ್ಷಮಿಸೋಕೆ ನಾನು ಬಂದಿಲ್ಲ."

"ಗೊತ್ತು."

"ನೀವೆಲ್ಲ ಏನೋ ಕಥೆ ಆಟ ಆಡ್ತೀರಂತೆ. ಅದರಲ್ಲಿ ನನ್ನ ಮಗ ಅವನ ಅಪ್ಪನ್ನ ಕರ್ಕೊಂಡು ಬಂದಿದ್ದನಂತೆ. ಅಲ್ಲೂ ಬಂಡೆ ಬಿತ್ತಂತೆ. ಸತ್ತುಹೋದರಾ, ಇನ್ನೂ ಇದಾರಾ?"

ಸಿಸ್ಟರ್ ಒಂದು ಕ್ಷಣ ಅರುಳ್‌ನ ಮುಖ ನೋಡಿದರು. "ಇದಾರೆ. ಉಳಿಯಲ್ಲ."

"ಉಳಿಸು ಅಂತ ನಾನು ಕೇಳೋದಿಲ್ಲ. ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಪೆಟ್ಟಿಗೆ ಬೀರುವಿನ ಮೇಲಿತ್ತು. ಅದನ್ನು ಇಳಿಸಿ ತಂದವನು ಮುನಿರತ್ನ. ನಾವು ಯಾವಾಗಲೂ ಕೂರುವ ಹಾಗೆ ನೆಲದ ಮೇಲೆ ಸುತ್ತ ಕೂತೆವು. ಅರುಳ್ ಕೊನೆಗೆ ಬಂದು ತಾಯಿಯ ಪಕ್ಕ ಕೂತ. ಸಿಸ್ಟರ್ ತಮಿಳಿನಲ್ಲೇ ಶುರುಮಾಡಿದರು.

"ಸುರಂಗದ ಬಾಯಲ್ಲಿ ಒಂದು ಚಪ್ಪರ ಇದೆ. ಅವರನ್ನು ಅಲ್ಲಿ ಮಲಗಿಸಿದ್ದಾರೆ. ಮಳೆ ನಿಂತಿದೆ. ಇನ್ನೂ ಬೆಳಕಿದೆ. ನೀನು ಬಂದಿದ್ದೀಯ. ಅವರು ನಿನ್ನನ್ನು ನೋಡಿದರು. ಏನು ಮಾಡ್ತೀಯ?"

ಈ ಆಟ ಹೇಗೆ ಎಂದು ಅಂಜಲೈಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. "ಮುಖ ಒರೆಸ್ತೀನಿ" ಎಂದರು. "ಕಣ್ಣಲ್ಲಿ ಮಣ್ಣು ಇರತ್ತೆ. ಸೆರಗು ಒದ್ದೆ ಮಾಡಿ ಒರೆಸ್ತೀನಿ."

"ಒರೆಸಿದೆ. ಕಣ್ಣು ಬಿಟ್ಟರು."

"ತಲೆಗೆ ಕಟ್ಟಿದ ತುಂಡು ಬಿಚ್ತೀನಿ. ಬಿಗಿಯಾಗಿ ಕಟ್ಕೊಳ್ತಾರೆ, ತಲೆನೋವು ಬರತ್ತೆ ಅವರಿಗೆ."

"ಬಿಚ್ಚಿದೆ."

"ನೀರು ಕೊಡ್ತೀನಿ."

ಕುಡಿಯುತ್ತಾರೋ ಇಲ್ಲವೋ ಎಂದು ನೋಡಲು ಅಭ್ಯಾಸಬಲದಿಂದ ಮುನಿರತ್ನನ ಕೈ ದಾಳಕ್ಕೆ ಹೋಯಿತು. ಸಿಸ್ಟರ್ ಅದರ ಮೇಲೆ ತಮ್ಮ ಅಂಗೈ ಮುಚ್ಚಿದರು. "ಇದಕ್ಕೆಲ್ಲ ದಾಳ ಬೇಡ" ಎಂದರು ಕನ್ನಡದಲ್ಲಿ. ಆಮೇಲೆ ಆಕೆಗೆ, "ಕುಡಿದರು."

ಅಂಜಲೈಯಮ್ಮ ಮಾತಾಡಿದರು. ಆ ಬೆಳಗಿನ ಜಗಳದ ಮಾತು. ನನ್ನದೂ ತಪ್ಪಿತ್ತು, ನಿಮ್ಮದೂ ಇತ್ತು ಎಂದರು. ಮಗ ಓದಲಿಲ್ಲ, ನಿಮ್ಮ ಹಾಗೇ ಒಳಗೆ ಇಳೀತಾನೆ, ನಿಮ್ಮ ಹಾಗೇ ಯಾರ ಮಾತೂ ಕೇಳಲ್ಲ ಎಂದರು. ಅರುಳ್ ತಲೆ ಬಗ್ಗಿಸಿ ಕೂತಿದ್ದ. ಪೆರಿಯವರ್ ಪರವಾಗಿ ಮಾತಾಡಬೇಕಾದವನು ಅವನೇ. ಹೆಬ್ಬೆರಳಿನಿಂದ ತಾಯಿಯ ಕೈಯನ್ನು ಮಾತ್ರ ಸವರುತ್ತಿದ್ದ. ಸಿಸ್ಟರ್ ಅದನ್ನು ನೋಡಿ, "ನಿನ್ನ ಕೈ ಹಿಡ್ಕೊಂಡಿದಾರೆ" ಎಂದರು.

ಎಷ್ಟು ಹೊತ್ತು ಹಾಗೆ ನಡೆಯಿತೋ. ನಾವು ಆಡಿದ ಅಷ್ಟೂ ವಾರಗಳಲ್ಲಿ ಮುಂದೇನು ಎಂದು ಹೇಳುವುದು ಸಿಸ್ಟರ ಹಕ್ಕು. ಬಂಡೆ ಬೀಳುವುದು ಯಾವಾಗ, ಬಾಗಿಲು ತೆರೆಯುವುದು ಯಾವಾಗ, ಉಸಿರು ನಿಲ್ಲುವುದು ಯಾವಾಗ, ಎಲ್ಲ ಅವರ ಮಾತಿನಲ್ಲಿತ್ತು. ಅವತ್ತು ಅವರು ಹೇಳಲಿಲ್ಲ. ಅಂಜಲೈಯಮ್ಮನ ಮುಖ ನೋಡುತ್ತಾ ಕಾಯುತ್ತಿದ್ದರು.

ಕೊನೆಗೆ ಆಕೆಯೇ ಹೇಳಿದರು. "ಸಾಕು. ಅವರಿಗೆ ನೋವಾಗ್ತಾ ಇದೆ. ಹೋಗ್ಲಿ."

"ಹೋದರು" ಎಂದರು ಸಿಸ್ಟರ್.

ಅವತ್ತು ಸಂಜೆ ಅಂಜಲೈಯಮ್ಮನನ್ನು ಬಿಟ್ಟುಬರಲು ಸಿಸ್ಟರ್ ಛತ್ರಿ ಹಿಡಿದು ಲೈನಿನವರೆಗೆ ಹೋದರು. ಒಂದೇ ಛತ್ರಿಯ ಕೆಳಗೆ ಅಲ್ಲ. ಆಕೆ ತನ್ನ ಕೊಪ್ಪೆ ಹಾಕಿಕೊಂಡು ಒಂದು ಕಡೆ, ಇವರು ಇನ್ನೊಂದು ಕಡೆ, ನಡುವೆ ಒಬ್ಬರು ನಡೆಯುವಷ್ಟು ಜಾಗ.

ಆಟ ನಿಲ್ಲಲಿಲ್ಲ. ಮುಂದಿನ ಭಾನುವಾರ ಅರುಳ್ ಬಂದ. ಹೊಸ ಮನುಷ್ಯನನ್ನು ಕಟ್ಟಿಕೊಂಡ, ಈ ಸಲ ತನ್ನದೇ ವಯಸ್ಸಿನವನನ್ನು. ಸಿಸ್ಟರ್ ಏನೂ ಸಡಿಲವಾಗಲಿಲ್ಲ. ಮುನಿರತ್ನನ ಕಳ್ಳ ಗೋಡೆ ಹಾರಿ ಕಾಲು ಮುರಿದುಕೊಂಡಾಗ, ಅವನು ಎಷ್ಟು ಅವರೆಕಾಯಿ ತಂದು ಸುರಿದರೂ, ಬೇಸಗೆಯವರೆಗೆ ಕುಂಟಿಸಿದರು. ಆದರೆ ಒಂದು ಹೊಸ ಅಭ್ಯಾಸ ಬಂತು. ಕಥೆಯಲ್ಲಿ ಯಾರಿಗಾದರೂ ಸಾವು ಹೇಳಬೇಕಾದಾಗ, ದಾರಿಯಲ್ಲಿ ಸಿಕ್ಕ ಹೆಸರಿಲ್ಲದ ಸಿಪಾಯಿಯೇ ಆಗಲಿ, ಅವರು ಮೊದಲು ಕನ್ನಡಕ ತೆಗೆದು ನಮ್ಮ ಕಡೆ ನೋಡಿ, "ಹತ್ತಿರ ಯಾರಿದ್ದೀರಿ?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಒಬ್ಬರು ನಾನಿದ್ದೇನೆ ಎನ್ನುವವರೆಗೆ ಮುಂದೆ ಹೋಗುತ್ತಿರಲಿಲ್ಲ.

ಜೂನ್‌ನಲ್ಲಿ ನನಗೆ ಬಂಗಾರಪೇಟೆಗೇ ವರ್ಗವಾಯಿತು. ಆಮೇಲೆ ಮದುವೆ, ಮಕ್ಕಳು, ಊರಿಗಾಂ ಅಪರೂಪವಾಯಿತು. ಸಿಸ್ಟರಿಗೆ ಆಸ್ಟ್ರೇಲಿಯಾದಿಂದ ಬಾ ಬಾ ಎಂದು ಕರೆ ಬರುತ್ತಲೇ ಇತ್ತು, ಅವರು ಕದಲಲಿಲ್ಲ. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅರುಳ್ ನಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತ. ಐರಿನ್ ಸಿಸ್ಟರ್ ಹಿಂದಿನ ದಿನ ತೀರಿಕೊಂಡಿದ್ದರು. ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಿದೆ.

"ಅಮ್ಮ ಇದ್ರು ಟೀಚರ್. ಮೂರು ದಿನದಿಂದ ಅಲ್ಲೇ ಇದ್ರು" ಎಂದ. "ನಂಗೆ ಏನೂ ಆಗಲ್ಲ, ಮನೆಗೆ ಹೋಗು ಅಂತ ಸಿಸ್ಟರಮ್ಮ ಹೇಳ್ತಾನೇ ಇದ್ರಂತೆ. ಅಮ್ಮ ಹೋಗ್ಲಿಲ್ಲ."